ಟಿ.ಸಿ. ತೆಗೆದುಕೊಂಡು ಹೋದವರು

ಜೂನ್ 3

ಗಂಟೆ,

ಹೀಗೆ ಕರೆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ನಿನ್ನ ನಿಜವಾದ ಹೆಸರು ಬರೆದು ನೋಡಿದೆ, ನಲ್ಲಿ ಕನೆಕ್ಷನ್ನಿಗೆ ಅರ್ಜಿ ಬರೆದ ಹಾಗಾಯಿತು. ಬಹುವಚನ ಹಾಕಿ ನೋಡಿದೆ, ಇನ್ನೂ ಕೆಟ್ಟಿತು. ನಿಮ್ಮಪ್ಪ ಶಾಲೆಯ ಗಂಟೆ ಬಾರಿಸುತ್ತಿದ್ದರು ಅಂತ ನಾವು ಇಟ್ಟ ಹೆಸರೇ ಕೊನೆಗೆ ಕೈಗೆ ಸಿಕ್ಕಿತು. ನಾನು ಸೀಮೆಸುಣ್ಣ. ಮೂರನೇ ಬೆಂಚು, ಕಿಟಕಿ ಪಕ್ಕ. ಆಫೀಸಿನಿಂದ ಸೀಮೆಸುಣ್ಣ ತರಲು ಮೇಷ್ಟ್ರು ಯಾವಾಗಲೂ ನನ್ನನ್ನೇ ಓಡಿಸುತ್ತಿದ್ದರು. ಈಗಲೂ ಮೈತುಂಬ ಬಿಳಿ ಪುಡಿಯೇ. ಇಲ್ಲಿನ ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲಿನ ಸೆಟ್ ಮಾಡಿಕೊಡುತ್ತೇನೆ, ಪ್ಲಾಸ್ಟರ್ ಅಚ್ಚಿನ ಕೆಲಸ.

ಫೋನ್ ನೀನು ಎತ್ತಲಿಲ್ಲ. ವಿಳಾಸ ಕೊಟ್ಟವಳು ಡಬಲ್ ಜಡೆ.

ವಿಷಯ ನಿಮ್ಮಣ್ಣನದು. ಫೆಬ್ರವರಿಯಲ್ಲಿ ಅವನಿಗೆ ಸ್ಟ್ರೋಕ್ ಆಯಿತು. ಪಂಪ್‌ಹೌಸಿನ ಕೆಲಸ ಅದಕ್ಕೆ ಮುಂಚೆಯೇ ಬಿಟ್ಟಿದ್ದ, ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದ. ಕೈಕಾಲು ತಕ್ಕಮಟ್ಟಿಗೆ ವಾಪಸು ಬಂದವು. ನೆನಪು ಬರಲಿಲ್ಲ, ಅಥವಾ ಬಂದದ್ದು ತೀರಾ ಹಳೆಯದು. ಅವನ ಮಟ್ಟಿಗೆ ನಾವೆಲ್ಲ ಹತ್ತನೇ ಕ್ಲಾಸಿನ ಪರೀಕ್ಷೆ ಬರೆಯುತ್ತಿದ್ದೇವೆ. ನನ್ನ ತಲೆ ನೆರೆತದ್ದನ್ನು ಸುಣ್ಣದ ಪುಡಿ ಅಂದುಕೊಂಡಿದ್ದಾನೆ. "ತಲೆ ಕೊಡವಿಕೊಳ್ಳೋ, ಮೇಷ್ಟ್ರು ನಗ್ತಾರೆ" ಅನ್ನುತ್ತಾನೆ. ಅವನ ಕೈಗೆ ಕನ್ನಡಿ ಸಿಗದ ಹಾಗೆ ನೋಡಿಕೊಂಡಿದ್ದೇನೆ.

ನನ್ನ ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲಿದ್ದಾನೆ. ಬೆಳಿಗ್ಗೆ ಎದ್ದ ಕೂಡಲೇ ಕ್ಲಾಸಿನವರನ್ನು ಒಬ್ಬೊಬ್ಬರಾಗಿ ವಿಚಾರಿಸುತ್ತಾನೆ. ಮೊದಮೊದಲು ನಿಜ ಹೇಳಿದೆ. ಇಂಕುಬುಡ್ಡಿ ಸತ್ತುಹೋದ ಅಂದೆ. ಅತ್ತ. ಮರುದಿನ ಮತ್ತೆ ಕೇಳಿದ, ಮತ್ತೆ ಹೇಳಿದೆ, ಮತ್ತೆ ಅಷ್ಟೇ ಅತ್ತ. ಒಬ್ಬನನ್ನು ಎಷ್ಟು ಸಲ ಸಾಯಿಸುವುದು? ಈಗ ಸತ್ತವರಿಗೆಲ್ಲ ಟಿ.ಸಿ. ಕೊಟ್ಟುಬಿಟ್ಟಿದ್ದೇನೆ. ಅವರಪ್ಪನಿಗೆ ವರ್ಗವಾಯಿತು, ಟಿ.ಸಿ. ತೆಗೆದುಕೊಂಡು ಬೇರೆ ಶಾಲೆಗೆ ಹೋದ ಅನ್ನುತ್ತೇನೆ. "ಹೇಳದೇ ಹೋದ ನೋಡು, ಕಳ್ಳ" ಅಂತ ಬೈದುಕೊಂಡು ಹಲ್ಲುಜ್ಜಲು ಹೋಗುತ್ತಾನೆ.

ಕಣ್ಣಾಸ್ಪತ್ರೆಯ ಹಿಂದೆ ಇಂಥವರನ್ನು ನೋಡಿಕೊಳ್ಳುವ ಆರೈಕೆ ಕೇಂದ್ರವೊಂದಿದೆ. ಒಂದು ಹಾಸಿಗೆ ಖಾಲಿ ಇದೆಯಂತೆ, ಆಗಸ್ಟ್ ಕೊನೆಯವರೆಗೆ ಕಾಯುತ್ತಾರಂತೆ. ಒಡಹುಟ್ಟಿದವರು ಬಂದು ಸಹಿ ಹಾಕಬೇಕು. ಇರುವುದು ನೀನೊಬ್ಬಳೇ. ನೀವಿಬ್ಬರು ಮಾತು ಬಿಟ್ಟದ್ದು ನನಗೆ ಗೊತ್ತು. ಮಾತಾಡಬೇಕಾಗಿಲ್ಲ. ಸಹಿ ಸಾಕು.

ಸೀಮೆಸುಣ್ಣ


ಜೂನ್ 19

ಸೀಮೆಸುಣ್ಣ,

ಫೋನ್ ಎತ್ತದೆ ಇದ್ದದ್ದು ನಿನ್ನ ಮೇಲಿನ ಸಿಟ್ಟಿಗಲ್ಲ. ಫೋನಿನಲ್ಲಿ ನಾನು ಎಲ್ಲದಕ್ಕೂ ಆಯ್ತು ಅಂದುಬಿಡುತ್ತೇನೆ. ಇಲ್ಲ ಅನ್ನಬೇಕಾದರೆ ನನಗೆ ಕಾಗದ ಬೇಕು.

ನಾನಿಲ್ಲಿ ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿದ್ದೇನೆ, ಪ್ಯಾಟರ್ನ್ ವಿಭಾಗ. ತೋಳು, ಬೆನ್ನು, ಕಾಲರು, ಎಲ್ಲವನ್ನೂ ರಟ್ಟಿನ ಮೇಲೆ ಬರೆದು ಕತ್ತರಿಸುತ್ತೇವೆ. ಅದನ್ನಿಟ್ಟುಕೊಂಡು ಕೆಳಗಿನ ಮಹಡಿಯಲ್ಲಿ ಬಟ್ಟೆ ಕತ್ತರಿಸುತ್ತಾರೆ. ಜೂನ್ ಅಂದರೆ ತಲೆಯೆತ್ತಲು ಬಿಡುವಿಲ್ಲ. ಗಂಡ ಹೋದ ಮೇಲೆ ಒಬ್ಬಳೇ ಇದ್ದೇನೆ. ಅದರಲ್ಲಿ ದುಃಖ ಹುಡುಕಬೇಡ. ಒಬ್ಬಳಿಗೆ ಎರಡು ಕೋಣೆ ಧಾರಾಳ.

ಸಹಿ ಹಾಕುತ್ತೇನೆ. ಅದಕ್ಕೆ ಮೊದಲು ನೀನೊಂದು ಕೆಲಸ ಮಾಡಬೇಕು. ಅಮ್ಮ ಕೊನೆಯ ಸಲ ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿದ್ದಳು. ಅಣ್ಣ ನನಗೆ ತಿಳಿಸಲಿಲ್ಲ. ಎಲ್ಲ ಮುಗಿದ ಮೇಲೆ ಪಕ್ಕದ ಮನೆಯಾಕೆ ಹೇಳಿ ಕಳಿಸಿದಳು. ಬಂದೆ. ಅವಳ ಬಟ್ಟೆಗಳನ್ನು ಒಗೆದು ಮಡಿಸಿ ಮಂಚದ ಮೇಲೆ ಇಟ್ಟಿದ್ದರು, ಅಷ್ಟೇ ನೋಡಲು ಸಿಕ್ಕಿದ್ದು. ಯಾಕೆ ತಿಳಿಸಲಿಲ್ಲ ಅಂತ ಅವನನ್ನು ಕೇಳಿದೆ. ಬಾಗಿಲ ಕಡೆ ನೋಡುತ್ತ ನಿಂತ, ಬಾಯಿ ಬಿಡಲಿಲ್ಲ. ಅದೇ ದಿನ ಹೊರಟುಬಂದೆ. ಇಪ್ಪತ್ತು ವರ್ಷವಾಯಿತು.

ಅವನ ತಲೆಯ ಯಾವುದಾದರೂ ಮೂಲೆಯಲ್ಲಿ ಆ ಉತ್ತರ ಉಳಿದಿದ್ದರೆ, ಪೂರ್ತಿ ಅಳಿಸಿಹೋಗುವುದರೊಳಗೆ ಕೇಳಿ ಬರೆ. ನೀನು ಬರೆದ ದಿನ ನಾನು ಹೊರಡುತ್ತೇನೆ.

ಇನ್ನೊಂದು ಮಾತು. ಸತ್ತವರಿಗೆ ಟಿ.ಸಿ. ಕೊಟ್ಟೆ, ಸರಿ. ನನಗೇನು ಕೊಟ್ಟಿದ್ದೀಯ?

ಗಂಟೆ


ಜುಲೈ 2

ಗಂಟೆ,

ನಿನ್ನನ್ನು ಟ್ಯೂಷನ್ನಿಗೆ ಕಳಿಸಿದ್ದೇನೆ.

"ನನ್ನ ತಂಗಿ ಎಲ್ಲೋ?"

"ಟ್ಯೂಷನ್ನಿಗೆ ಹೋಗಿದ್ದಾಳೆ ಸೀನಿಯರ್."

"ಹೋಗ್ಲಿ ಬಿಡು. ಮನೇಲಿ ಒಬ್ಬರಾದ್ರೂ ಪಾಸಾಗ್ಲಿ."

ಒಂದು ವರ್ಷ ಫೇಲಾಗಿ ತಂಗಿಯ ಕ್ಲಾಸಿಗೇ ಬಂದು ಕೂತವನು ಅಂತ ನಾವಿಟ್ಟ ಹೆಸರು ಸೀನಿಯರ್. ಗೇಲಿಗೆ ಇಟ್ಟದ್ದು. ಅವನು ಅದನ್ನು ಪದವಿ ಅಂದುಕೊಂಡಿದ್ದ, ಈಗಲೂ ಹಾಗೇ.

ಉಳಿದವರ ಸುದ್ದಿ ಹೇಳುತ್ತೇನೆ, ಅವನಿಗೆ ಹೇಳುವ ಸುದ್ದಿಯಲ್ಲ, ನಿಜವಾದದ್ದು. ಇಲ್ಲಿ ಉಳಿದವರೆಲ್ಲರ ಬಾಯಿಯೂ ಒಂದೊಂದಾಗಿ ನನ್ನ ಶೆಲ್ಫಿಗೆ ಬಂದು ಸೇರುತ್ತಿದೆ. ಡಬಲ್ ಜಡೆ ನರ್ಸಾಗಿದ್ದಳಲ್ಲ, ಈಗ ಮನೆಯಲ್ಲೇ ಇದ್ದಾಳೆ, ಕೂದಲು ಗಿಡ್ಡ ಮಾಡಿಸಿದ್ದಾಳೆ. ಯಾವಾಗ ಕೇಳಿದರೂ "ನನಗೇನೋ, ಆರಾಮಾಗಿದ್ದೀನಿ" ಅನ್ನುತ್ತಾಳೆ. ಅಚ್ಚು ತೆಗೆದಾಗ ನೋಡಿದೆ, ದವಡೆ ಹಲ್ಲೆಲ್ಲ ಉಜ್ಜಿ ಉಜ್ಜಿ ಚಪ್ಪಟೆ. ನಿದ್ದೆಯಲ್ಲಿ ಹಲ್ಲು ಕಡಿಯುವವರ ಬಾಯಿ ಹಾಗಿರುತ್ತದೆ. ಏನನ್ನು ಕಡಿಯುತ್ತಾಳೋ, ಕೇಳಲಿಲ್ಲ. ಪೋಸ್ಟ್‌ಬಾಕ್ಸ್ ನೆನಪಿದೆಯಾ, ಸದಾ ಬಾಯಿ ತೆರೆದೇ ಇರುತ್ತಿದ್ದ? ಸಾಮಾನು ಸಾಗಿಸುವ ವ್ಯಾನು ಇಟ್ಟುಕೊಂಡಿದ್ದಾನೆ. ಮೇಲಿನ ಸೆಟ್ ಹಾಕಿಸಿಕೊಂಡ ಮೇಲೆ ಬಿದ್ದೀತು ಅನ್ನುವ ಭಯಕ್ಕೆ ಬಾಯಿ ಮುಚ್ಚಿದವನು ಇನ್ನೂ ತೆರೆದಿಲ್ಲ. ಅವನ ಹೆಂಡತಿ ಬಂದು ನನಗೆ ಥ್ಯಾಂಕ್ಸ್ ಹೇಳಿಹೋದಳು.

ಮಾನಿಟರ್ ಹೋದ ವರ್ಷ ತೀರಿಕೊಂಡ. ಅಳತೆ ಕೊಟ್ಟು ಹೋಗಿದ್ದ, ಸೆಟ್ ತೆಗೆದುಕೊಳ್ಳಲು ಬರಲಿಲ್ಲ. ಅದು ಇಲ್ಲೇ ಇದೆ. ಬೇರೆ ಯಾರ ಬಾಯಿಗೂ ಕೂರುವುದಿಲ್ಲ, ಎಸೆಯಲು ಕೈ ಬರುವುದಿಲ್ಲ. ಅವನಿಗೂ ಟಿ.ಸಿ. ಕೊಟ್ಟೆ. "ಇನ್ಮೇಲೆ ಗಲಾಟೆ ಮಾಡ್ದೋರ ಹೆಸರು ಬೋರ್ಡ್ ಮೇಲೆ ಯಾರೋ ಬರೀತಾರೆ?" ಅಂತ ನಿಮ್ಮಣ್ಣನಿಗೆ ಚಿಂತೆ.

ನೀನು ಹೇಳಿದ್ದನ್ನು ಇನ್ನೂ ಕೇಳಿಲ್ಲ. ಅವನು ನಿನ್ನನ್ನು ಕೇಳುತ್ತಾನೆ, ಅಪ್ಪನನ್ನು ಕೇಳುತ್ತಾನೆ. ಅಮ್ಮನನ್ನು ಮಾತ್ರ ಒಂದು ದಿನವೂ ಕೇಳಿಲ್ಲ. ಎಲ್ಲ ಮರೆತರೂ ಅವಳಿಲ್ಲ ಅನ್ನುವುದು ಒಳಗೆಲ್ಲೋ ಗೊತ್ತಿರಬೇಕು. ಆ ಬಾಗಿಲು ತಟ್ಟಲು ನನಗೆ ಧೈರ್ಯವಿಲ್ಲ.

ಬಂದು ಸಹಿ ಹಾಕಿ ಹೋಗು ಮಾರಾಯ್ತಿ.

ಸೀಮೆಸುಣ್ಣ


ಜುಲೈ 14

ಸೀಮೆಸುಣ್ಣ,

ನಾನು ಒಂದು ಕೇಳಿದೆ, ನೀನು ಊರಿನ ಹಲ್ಲೆಲ್ಲ ಎಣಿಸಿದೆ. ಚಿಕ್ಕವನಿದ್ದಾಗಲೂ ಹೀಗೇ. ಮೇಷ್ಟ್ರು ಲೆಕ್ಕ ಬಿಡಿಸು ಅಂದರೆ ಬೋರ್ಡು ಒರೆಸುತ್ತ ನಿಲ್ಲುತ್ತಿದ್ದೆ.

ಮಾನಿಟರ್ ತೀರಿಕೊಂಡದ್ದು ನನಗೆ ಗೊತ್ತಿರಲಿಲ್ಲ. ಒಂದೇ ಒಂದು ಸಲ ನನ್ನ ಹೆಸರು ಬೋರ್ಡಿನ ಮೇಲೆ ಬರೆದಿದ್ದ, ಆಮೇಲೆ ತಾನೇ ಒರೆಸಿದ. ಅದನ್ನು ಯಾರಿಗೂ ಹೇಳಿಲ್ಲ. ಹೇಳುವಂಥದ್ದೂ ಅಲ್ಲ. ನಿನ್ನೆ ಹತ್ತನೇ ಕ್ಲಾಸಿನ ಹುಡುಗರ ಅಳತೆಯ ಅಂಗಿ ಕತ್ತರಿಸುತ್ತ, ಇದು ಈಗ ಅವನಿಗೆ ಹಿಡಿಸುತ್ತಿರಲಿಲ್ಲ ಅನ್ನಿಸಿತು. ಮೂರ್ಖತನ.

ಅಣ್ಣ ಅಮ್ಮನನ್ನು ಯಾಕೆ ಕೇಳುವುದಿಲ್ಲ ಅಂತ ನಾನು ಹೇಳುತ್ತೇನೆ. ಕೇಳಿದರೆ ಮುಂದಿನ ಮಾತೂ ಬರುತ್ತದೆ. ಮಾಡಿದ್ದು ಅವನಿಗೆ ನೆನಪಿದೆ. ನೀನು ತಟ್ಟಲು ಹೆದರುವ ಬಾಗಿಲನ್ನು ಅವನು ಒಳಗಿಂದ ಹಿಡಿದುಕೊಂಡು ನಿಂತಿದ್ದಾನೆ.

ಕೇಳು. ಕೇಳದಿದ್ದರೆ ಸಹಿ ಇಲ್ಲ. ನನ್ನನ್ನು ಕಲ್ಲು ಅಂದುಕೊಂಡರೂ ಪರವಾಗಿಲ್ಲ.

ಗಂಟೆ


ಜುಲೈ 29

ಗಂಟೆ,

ಕೇಳಿದೆ.

ಅವನ ಗಡ್ಡ ಹೆರೆಯುತ್ತಿದ್ದೆ. ಮುಖದ ತುಂಬ ಸೋಪಿನ ನೊರೆ, ಒಳ್ಳೆಯ ಗುಂಗಿನಲ್ಲಿದ್ದ. ಮೆಲ್ಲಗೆ ಕೇಳಿದೆ: "ಅಮ್ಮನಿಗೆ ಹುಷಾರಿಲ್ಲ ಅಂತ ತಂಗಿಗೆ ಯಾಕೋ ಹೇಳಲಿಲ್ಲ ಸೀನಿಯರ್?"

ನನ್ನ ಮಣಿಕಟ್ಟು ಹಿಡಿದುಕೊಂಡ. ಬ್ಲೇಡು ಇದ್ದ ಕೈ. "ನಿನಗೆ ಯಾರು ಹೇಳಿದ್ರು?"

"ಯಾರೂ ಇಲ್ಲ, ಸುಮ್ನೆ ಕೇಳಿದೆ."

"ಅವಳಿಗೆ ಹೇಳಿದ್ಯಾ? ಹೇಳ್ಬೇಡ ಕಣೋ. ಕೈ ಮುಗೀತೀನಿ, ಹೇಳ್ಬೇಡ."

ಆಮೇಲೆ ತುಟಿ ಬಿಗಿಹಿಡಿದು ಕೂತ. ಅರ್ಧ ಗಡ್ಡ ಹಾಗೇ ಉಳಿಯಿತು. ಆ ಇಡೀ ದಿನ ಊಟಕ್ಕೂ ಬಾಯಿ ತೆರೆಯಲಿಲ್ಲ. ಬಾಯಿ ತೆರೆಸುವುದೇ ಕಸುಬಾದ ನನ್ನಿಂದಲೂ ಆಗಲಿಲ್ಲ.

ನಿನ್ನ ಮಾತೇ ಸರಿ ಇರಬಹುದು, ಅವನಿಗೆ ನಾಚಿಕೆ ಇದೆ. ಇಷ್ಟೇ ನನ್ನ ಕೈಲಾದದ್ದು. ಇನ್ನೊಮ್ಮೆ ಕೇಳುವುದಿಲ್ಲ, ನೀನು ಸಹಿ ಹಾಕಿದರೂ ಸರಿ, ಹಾಕದಿದ್ದರೂ ಸರಿ. ನನಗೆ ತೊಂದರೆಯೇನೂ ಇಲ್ಲ.

ಸೀಮೆಸುಣ್ಣ

ನಾನು ಇವರ ಹೆಂಡತಿ. ಪೋಸ್ಟಿಗೆ ಹಾಕಲು ಕೊಟ್ಟರು, ಓದಿದೆ, ತಪ್ಪು ತಿಳಿಯಬೇಡಿ. ತೊಂದರೆಯಿಲ್ಲ ಅಂತ ಬರೆದಿದ್ದಾರೆ. ನಿಮ್ಮಣ್ಣ ಪದೇ ಪದೇ ಹೊರಗೆ ಹೊರಟುಬಿಡುತ್ತಾರೆ. ನನ್ನ ಅಡುಗೆಮನೆಯಿಂದ ಊಟದ ಕ್ಯಾರಿಯರ್ ತೆಗೆದುಕೊಂಡು, ಅದರಲ್ಲಿ ಏನೂ ಇರುವುದಿಲ್ಲ, ಹಳೇ ಸರ್ಕಾರಿ ಆಸ್ಪತ್ರೆಯ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಾರೆ. ಅದು ಮುಚ್ಚಿ ಎಷ್ಟೋ ವರ್ಷವಾಯಿತು, ಈಗ ಗೋದಾಮು. ಮಾತ್ರೆ ಕೇಳಲು ಹೋಗುತ್ತಾರೆ ಅಂತ ಇವರ ಅಂದಾಜು. ಹುಡುಕಿ ಕರೆದುಕೊಂಡು ಬರುವುದೇ ಇವರ ಕೆಲಸವಾಗಿದೆ. ಇವರ ಕೈ ಈಗ ನಡುಗುತ್ತದೆ, ಎರಡು ಸೆಟ್ ಡಾಕ್ಟರಿಂದ ವಾಪಸು ಬಂದವು. ನಿಮ್ಮ ಕ್ಲಾಸು ಯಾವಾಗ ಮುಗಿಯುತ್ತದೆ ಅಂತ ನಾನು ಕೇಳಿದರೆ ನಗುತ್ತಾರೆ. ದಯವಿಟ್ಟು ಬನ್ನಿ.


ಆಗಸ್ಟ್ 21

ಸೀಮೆಸುಣ್ಣ,

ನಾನು ಬಂದಿದ್ದೆ. ಕಳೆದ ವಾರ. ನಿನಗೆ ತಿಳಿಸಲಿಲ್ಲ, ತಿಳಿಸಿದರೆ ನೀನು ಸ್ಟೇಷನ್ನಿಗೆ ಬರುತ್ತಿದ್ದೆ.

ಮಧ್ಯಾಹ್ನ ನಿನ್ನ ವರ್ಕ್‌ಶಾಪು ಹುಡುಕಿಕೊಂಡು ಬಂದಾಗ ನೀನು ಡಾಕ್ಟರ ಹತ್ತಿರ ಹೋಗಿದ್ದೆ. ನಿನ್ನ ಹೆಂಡತಿ ಬಾಗಿಲು ತೆಗೆದರು. ನಾನು ಯಾರು ಅಂತ ಹೇಳಿದೆ, ಅವರೇ ಹಿಂದಿನ ಕೋಣೆ ತೋರಿಸಿದರು. ನಾನು ಬಂದದ್ದನ್ನು ನಿನಗೆ ಹೇಳಬೇಡಿ, ನಾನೇ ಬರೆಯುತ್ತೇನೆ ಅಂತ ಕೇಳಿಕೊಂಡಿದ್ದೆ. ಮಾತು ಉಳಿಸಿಕೊಂಡಿದ್ದಾರೆ ಅಂದುಕೊಳ್ಳುತ್ತೇನೆ.

ಅವನು ಕಿಟಕಿ ಹತ್ತಿರ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಕ್ಯಾರಿಯರ್ ಪಕ್ಕದಲ್ಲಿತ್ತು. ತಲೆಯೆತ್ತಿ ನನ್ನನ್ನು ನೋಡಿದ. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅವನು ಒಂದು ಕಾಲಿಗೆ ಚಪ್ಪಲಿ ಇಲ್ಲದೆ ಎದ್ದು ಬಂದು ನನ್ನ ತೋಳು ಹಿಡಿದ.

"ಅಮ್ಮಾ, ಯಾಕೆ ನಡಕೊಂಡು ಬಂದೆ? ಡಾಕ್ಟ್ರು ಬಿಟ್ರಾ? ಹೊಲಿಗೆ ಬಿಚ್ಚಿದ್ರಾ?"

ನನ್ನ ಮುಖ ಅವಳದೇ ಆಗಿದೆ ಅಂತ ನನಗೂ ಗೊತ್ತು. ಬೆಳಿಗ್ಗೆ ಕನ್ನಡಿಯಲ್ಲಿ ನೋಡಿ ಬೇಸರಪಡುತ್ತೇನೆ. ಇಲ್ಲ ಕಣೋ ನಾನು ಅಂತ ಹೇಳಲು ಬಾಯಿ ತೆರೆದೆ. ಅವನು ಬಿಡಲಿಲ್ಲ, ಮಂಚದ ಮೇಲೆ ಕೂರಿಸಿ ಪಿಸುಗುಟ್ಟಿದ.

"ನೀನು ಹೇಳಿದ ಹಾಗೇ ಮಾಡಿದೀನಿ. ಅವಳಿಗೆ ಗೊತ್ತಾಗ್ಲಿಲ್ಲ. ದೊಡ್ಡಮ್ಮನ ಮನೇಗೆ ಹೋಗಿದ್ದೀಯ ಅಂತಾನೇ ಹೇಳಿದ್ದು. ಗಣಿತ ಚೆನ್ನಾಗಿ ಮಾಡಿದಾಳಂತೆ."

"ನೀನು?" ಅಂದೆ. ನನ್ನ ಬಾಯಿಂದ ಬಂದದ್ದು ಇದೊಂದೇ.

"ಅವತ್ತೇ ಅಲ್ವಾ ನಿನ್ನ ಆಪರೇಷನ್ನು? ಅಪ್ಪ ಪರೀಕ್ಷೆ ಗಂಟೆ ಬಿಟ್ಟು ಹ್ಯಾಗೆ ಬರ್ತಾರೆ? ನಾನೇ ಹೊರಗೆ ಕೂತಿದ್ದೆ. ನಂದೇನು ಬಿಡು, ಇನ್ನೊಂದು ಸಲ ಬರೆದ್ರಾಯ್ತು."

ಆ ವರ್ಷ ಪರೀಕ್ಷೆಯ ದಿನಗಳಲ್ಲಿ ಅಮ್ಮ ದೊಡ್ಡಮ್ಮನ ಮನೆಗೆ ಹೋಗಿದ್ದಳು. ನನಗೆ ಗೊತ್ತಿದ್ದದ್ದು ಅಷ್ಟು. ವಾಪಸು ಬಂದಾಗ ಸೊರಗಿದ್ದಳು, ದೊಡ್ಡಮ್ಮನ ಆರೈಕೆ ಮಾಡಿ ಅಂದುಕೊಂಡೆ. ನಾನು ಪಾಸಾದೆ, ಅವನು ಎರಡನೇ ಸಲ ಫೇಲಾದ, ಪಂಪ್‌ಹೌಸಿಗೆ ಸೇರಿದ. ಅಪ್ಪ ಅವನಿಗೆ ಒಂದು ಮಾತೂ ಬೈಯಲಿಲ್ಲ. ಗಂಡುಮಗ ಅಂತ ಬಿಟ್ಟರು ಅಂದುಕೊಂಡಿದ್ದೆ, ಮೊನ್ನೆಯವರೆಗೂ.

ಆ ಕೋಣೆಯಲ್ಲೇ ನನ್ನನ್ನು ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದ. ನಾನು ಹೂಂ ಅನ್ನುತ್ತಿದ್ದೆ. ನೀನು ಬರುವ ಹೊತ್ತಾಯಿತು ಅಂತ ನಿನ್ನ ಹೆಂಡತಿ ಅಂದರು, ಎದ್ದುಬಿಟ್ಟೆ. ವಾರ್ಡಿಗೆ ಹೋಗಬೇಕು, ಡಾಕ್ಟರು ಬೈತಾರೆ ಅಂದೆ. ಹೂಂ ಅಂತ ನನ್ನ ಚಪ್ಪಲಿ ಹುಡುಕಿಕೊಟ್ಟ.

ಕೊನೆಯ ಸಲ ಯಾಕೆ ತಿಳಿಸಲಿಲ್ಲ ಅನ್ನುವುದಕ್ಕೆ ಇದು ಉತ್ತರವಲ್ಲ. ಆಗ ನನಗೆ ಯಾವ ಪರೀಕ್ಷೆಯೂ ಇರಲಿಲ್ಲ. ಅಮ್ಮ ಮತ್ತೆ ಹೇಳಬೇಡ ಅಂದಳೋ, ಇವನಿಗೆ ಹೇಳದಿರುವುದೇ ಅಭ್ಯಾಸವಾಗಿತ್ತೋ, ಯಾರನ್ನು ಕೇಳಲಿ. ಇನ್ನು ಕೇಳುವುದಿಲ್ಲ.

ಸಹಿ ಹಾಕುವುದಿಲ್ಲ. ಆ ಹಾಸಿಗೆಯನ್ನು ಬೇರೆಯವರಿಗೆ ಕೊಡಲು ಹೇಳು. ಮುಂದಿನ ತಿಂಗಳು ಬಂದು ಅವನನ್ನು ಕರೆದುಕೊಂಡು ಹೋಗುತ್ತೇನೆ.

ಗಂಟೆ


ಆಗಸ್ಟ್ 30

ಗಂಟೆ,

ನನ್ನ ಹೆಂಡತಿ ತುಟಿ ಪಿಟಕ್ಕೆನ್ನಲಿಲ್ಲ. ಕೇಳಿದರೆ, "ನಿಮ್ಮ ಕ್ಲಾಸಿನವರಿಂದಲೇ ಕಲಿತದ್ದು" ಅಂದಳು.

ಗಣಿತದ ಪರೀಕ್ಷೆಯ ದಿನ ಅವನ ಡೆಸ್ಕು ನನ್ನ ಮುಂದೆಯೇ ಖಾಲಿ ಇತ್ತು, ನೀನು ಹುಡುಗಿಯರ ಕೋಣೆಯಲ್ಲಿದ್ದೆ. ಸಂಜೆ ಸಿಕ್ಕಾಗ ಎಲ್ಲಿಗೆ ಹೋಗಿದ್ದೆಯೋ ಅಂತ ಪೋಸ್ಟ್‌ಬಾಕ್ಸ್ ಕೇಳಿದ. ಸಿನಿಮಾಕ್ಕೆ ಅಂದ. ನಾವು ಬಿಡುತ್ತೇವೆಯೇ, ಕಥೆ ಹೇಳು ಅಂದೆವು. ಕಾಂಪೌಂಡಿನ ಮೇಲೆ ಕೂತು ಫೈಟಿಂಗ್ ಸಮೇತ ಹೇಳಿದ. ಹೀರೋ ಕೊನೆಗೆ ಸಾಯುತ್ತಾನೆ ಅಂದಾಗ ಡಬಲ್ ಜಡೆ ಕೂಡ ಬೈಸಿಕಲ್ ನಿಲ್ಲಿಸಿ ಕೇಳುತ್ತಿದ್ದಳು. ಪರೀಕ್ಷೆ ಬಿಟ್ಟು ಸಿನಿಮಾಕ್ಕೆ ಹೋದ ಗಂಡಸು ಅಂತ ನಮಗೆಲ್ಲ ಅವನ ಮೇಲೆ ಭಕ್ತಿ. ಆಮೇಲೆ ಆ ಸಿನಿಮಾ ಬೇಕು ಅಂತ ಹುಡುಕಿದ್ದೂ ಉಂಟು. ಎಲ್ಲೂ ಸಿಗಲಿಲ್ಲ. ನಿನ್ನ ಕಾಗದ ಓದುವವರೆಗೆ ಯಾಕೆ ಅಂತ ಹೊಳೆದಿರಲಿಲ್ಲ.

ಯೋಚನೆ ಮಾಡಿದ್ದೀಯಾ? ನೀನು ಒಬ್ಬಳು, ದಿನವಿಡೀ ಕೆಲಸ. ಅವನು ನಿನ್ನನ್ನು ಯಾವತ್ತೂ ನೀನು ಅಂತ ಗುರುತಿಸಲಿಕ್ಕಿಲ್ಲ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಹಾಸಿಗೆಯವರಿಗೆ ನಾನಿನ್ನೂ ಬೇಡ ಅಂದಿಲ್ಲ.

ಇನ್ನೊಂದು ಹೇಳಿಬಿಡುತ್ತೇನೆ. ಅವನು ಹೋಗುತ್ತಾನೆ ಅಂದಾಗ ಹಗುರವಾಗಬೇಕಿತ್ತು, ಆಗಲಿಲ್ಲ. ನನ್ನನ್ನು ಸೀಮೆಸುಣ್ಣ ಅಂತ ಬಾಯಿತುಂಬ ಕರೆಯುವವರು ಇಲ್ಲಿ ಬೇರೆ ಯಾರೂ ಉಳಿದಿಲ್ಲ. ಪೋಸ್ಟ್‌ಬಾಕ್ಸ್ ಕೂಡ ಈಗ ಸಾರ್ ಅನ್ನುತ್ತಾನೆ, ಹಲ್ಲಿನ ದೆಸೆಯಿಂದ.

ಬರುವುದೇ ಆದರೆ ದಿನ ತಿಳಿಸು. ಪೋಸ್ಟ್‌ಬಾಕ್ಸ್ ವ್ಯಾನು ತರುತ್ತಾನಂತೆ. ನಿಮ್ಮಣ್ಣನಿಗೆ ಸ್ನಾನದ ನೀರು ಜಾಸ್ತಿ ಬಿಸಿ ಇರಬಾರದು. ಮಾತ್ರೆಯನ್ನು ಪುಡಿ ಮಾಡಿ ಕೊಡಬೇಕು. ಹಿಂದಿನಿಂದ ಹೆಗಲು ಮುಟ್ಟಿದರೆ ಬೆಚ್ಚುತ್ತಾನೆ, ಎದುರಿಗೆ ಹೋಗಿ ಮಾತಾಡಿಸು.

ಸೀಮೆಸುಣ್ಣ


ಡಿಸೆಂಬರ್ 8

ಸೀಮೆಸುಣ್ಣ,

ಬರೆಯಲು ತಡವಾಯಿತು. ನಿನ್ನ ಮೂರು ಕಾಗದವೂ ಬಂದವು. ಬಿಡುವು ಇರಲಿಲ್ಲ ಅಂದರೆ ಅರ್ಧ ಸುಳ್ಳು. ಬರೆಯಲು ಕೂತರೆ ನಿದ್ದೆ ಬರುತ್ತದೆ.

ಅಣ್ಣ ಇಲ್ಲಿ ಚೆನ್ನಾಗಿದ್ದಾನೆ. ಹಗಲು ನಾನು ಕಾರ್ಖಾನೆಯಲ್ಲಿರುವಾಗ ಮೇಲಿನ ಮನೆಯ ಮುದುಕ, ಹಿಂದೆ ಕಾಂಪೌಂಡರ್ ಆಗಿದ್ದವರು, ಬಂದು ಕೂರುತ್ತಾರೆ. ಇಬ್ಬರೂ ಇಸ್ಪೀಟು ಆಡುತ್ತಾರೆ. ಇಬ್ಬರೂ ಮೋಸ ಮಾಡುತ್ತಾರೆ, ಇಬ್ಬರಿಗೂ ನೆನಪಿರುವುದಿಲ್ಲ. ಅವರನ್ನು ಹೊಸ ಮೇಷ್ಟ್ರು ಅಂದುಕೊಂಡಿದ್ದಾನೆ. ಹೊರಗೆ ಹೊರಡುವುದು ನಿಂತಿದೆ. ಅಮ್ಮನೇ ಮನೆಗೆ ಬಂದ ಮೇಲೆ ಕ್ಯಾರಿಯರ್ ಯಾರಿಗೆ ಒಯ್ಯಬೇಕು?

ಕ್ಲಾಸಿನವರನ್ನು ಇಲ್ಲೂ ಕೇಳುತ್ತಾನೆ. ನಿನ್ನನ್ನು ಕೇಳಿದಾಗ ಏನು ಹೇಳಲಿ ಅಂತ ತಿಳಿಯಲಿಲ್ಲ. ಇಲ್ಲ ಅಂದರೆ ಟಿ.ಸಿ. ಕೊಟ್ಟ ಹಾಗಾಗುತ್ತದೆ. ಆಫೀಸಿಗೆ ಸೀಮೆಸುಣ್ಣ ತರಲು ಹೋಗಿದ್ದಾನೆ ಅಂದೆ. "ಅವನು ಯಾವಾಗ್ಲೂ ಲೇಟು" ಅಂದ. ಬೇಸಿಗೆಯಲ್ಲಿ ನೀವಿಬ್ಬರೂ ಬಂದು ಹೋಗಿ. ನಿನ್ನ ಕೈಯ ಬಗ್ಗೆ ಡಾಕ್ಟರು ಏನಂದರು ಅಂತ ನೀನು ಬರೆದಿಲ್ಲ. ನಾನು ಕೇಳಿದ್ದೇನೆ ಅಂತ ನಿನ್ನ ಹೆಂಡತಿಗೆ ಹೇಳು, ಅವರು ಬರೆಯುತ್ತಾರೆ.

ಮೊದಲ ಕೆಲವು ದಿನ ಪ್ರಯತ್ನ ಮಾಡಿದೆ. ನಾನು ಅಮ್ಮ ಅಲ್ಲ ಕಣೋ, ನಿನ್ನ ತಂಗಿ ಅಂದೆ. ಅವನು ನಕ್ಕ, ಆಮೇಲೆ ಹೆದರಿದ, ಜ್ವರವೇನೋ ಅಂತ ನನ್ನ ಹಣೆ ಮುಟ್ಟಿ ನೋಡಿದ. ಬಿಟ್ಟುಬಿಟ್ಟೆ. ನನ್ನನ್ನು ಬಕೆಟ್ ಎತ್ತಲು ಬಿಡುವುದಿಲ್ಲ, ಹೊಲಿಗೆ ಬಿಟ್ಟೀತು ಅನ್ನುತ್ತಾನೆ. ನಡುಗುವ ಕೈಯಲ್ಲಿ ತಾನೇ ಎತ್ತುತ್ತಾನೆ, ಅರ್ಧ ನೀರು ನೆಲಕ್ಕೆ. ನಾನು ಒರೆಸುತ್ತೇನೆ, ಅವನು ನೋಡದಿರುವಾಗ.

ಕತ್ತಲಾಗುತ್ತಲೇ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಾನೆ. "ಇವಳು ಇನ್ನೂ ಬರ್ಲಿಲ್ವಲ್ಲಮ್ಮಾ." ಬರುತ್ತಾಳೆ, ನೀನು ಊಟ ಮಾಡು ಅನ್ನುತ್ತೇನೆ. ಪಾತ್ರೆಯಲ್ಲಿ ಎಷ್ಟಿದೆ ಅಂತ ಬಗ್ಗಿ ನೋಡಿ, ಇನ್ನೊಂದು ತಟ್ಟೆಗೆ ತಂಗಿಯ ಪಾಲು ತೆಗೆದಿಟ್ಟು, ಮುಚ್ಚಿ, ಆಮೇಲೆ ತಾನು ಕೂರುತ್ತಾನೆ. ಅವನು ನನಗೆ ಬಡಿಸಲು ಬಂದರೆ ಹಸಿವಿಲ್ಲ ಅನ್ನುತ್ತೇನೆ.

ಅವನು ಮಲಗಿದ ಮೇಲೆ ಆ ತಟ್ಟೆ ತೆಗೆದು ನಾನು ಉಣ್ಣುತ್ತೇನೆ. ಅಷ್ಟು ಹೊತ್ತಿಗೆ ತಣ್ಣಗಾಗಿರುತ್ತದೆ. ಬೆಳಿಗ್ಗೆ ಎದ್ದವನು ಮೊದಲು ಅದನ್ನೇ ನೋಡುತ್ತಾನೆ.

"ಬಂದಿದ್ಲಾ?"

ಬಂದಿದ್ದಳು ಅನ್ನುತ್ತೇನೆ. ಎಲ್ಲಾ ಉಂಡಳು.

ಗಂಟೆ